ಶಿಕಾಗೊ ಆರ್ಟ್ ಇನ್‌ಸ್ಟಿಟ್ಯೂಟ್‌ಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಕು. ಒಂದೇ ದಿನ ಇದೆ, ಏನು ತೋರಿಸಲಿ?

ಗಾಳಿನಗರಿ

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಅಪ್ಪ ಅಮ್ಮ ಮೊದಲ ಸಲ ಅಮೆರಿಕಕ್ಕೆ ಬರುತ್ತಿದ್ದಾರೆ. ಅಪ್ಪನಿಗೆ 74, ಅಮ್ಮನಿಗೆ 69. ಅಪ್ಪ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ವಿವೇಕಾನಂದರು ಭಾಷಣ ಮಾಡಿದ ಜಾಗ ನೋಡಬಹುದಾ?" ಆ ಕಟ್ಟಡವೇ ಈಗಿನ ಆರ್ಟ್ ಇನ್‌ಸ್ಟಿಟ್ಯೂಟ್ ಅಂತ ಹೇಳಿದಾಗ ಅವರಿಗೆ ನಂಬಿಕೆಯೇ ಬರಲಿಲ್ಲ.

ನಾನು ಐದು ವರ್ಷದಿಂದ ಇಲ್ಲೇ ಇದ್ದೇನೆ. ಎರಡು ಸಲ ಹೋಗಿದ್ದೇನೆ. ಎರಡೂ ಸಲ ಎಲ್ಲವನ್ನೂ ನೋಡಿಬಿಡಬೇಕು ಅಂತ ಓಡಾಡಿ, ಮನೆಗೆ ಬಂದ ಮೇಲೆ ಒಂದು ಚಿತ್ರವೂ ಸರಿಯಾಗಿ ನೆನಪಿರಲಿಲ್ಲ.

ನನ್ನ ಚಿಂತೆ ಅಮ್ಮನದು. ಮಂಡಿ ನೋವಿದೆ. ಅದಕ್ಕಿಂತ ಜಾಸ್ತಿ, ಚಿತ್ರ ನೋಡಬೇಕು ಅಂತಲೇ ಅವರು ಎಲ್ಲೂ ಹೋದವರಲ್ಲ. "ನನಗೇನು ಅರ್ಥ ಆಗುತ್ತೆ, ನೀವಿಬ್ಬರೂ ಹೋಗಿ ಬನ್ನಿ, ನಾನು ಹೊರಗೆ ಕೂತಿರ್ತೀನಿ" ಅಂತ ಈಗಲೇ ಹೇಳುತ್ತಿದ್ದಾರೆ. ಅವರನ್ನು ಬೆಂಚಿನ ಮೇಲೆ ಕೂರಿಸಿ ನಾವು ಒಳಗೆ ಹೋಗೋದು ನನ್ನಿಂದ ಆಗಲ್ಲ. ಹೋಗಿಬಂದವರು ದಯವಿಟ್ಟು ದಾರಿ ಹೇಳಿ.

ಹಳೇಸದಸ್ಯ

ಅಪ್ಪನ ವಿಷಯ ಮೊದಲು ಹೇಳುತ್ತೇನೆ. ನಾನೂ ಇದಕ್ಕಾಗಿಯೇ ಹೋದವನು, ಸ್ವಲ್ಪ ಗೊಂದಲ ಆಗಿತ್ತು.

1893ರಲ್ಲಿ ಶಿಕಾಗೊದಲ್ಲಿ ದೊಡ್ಡ ವಿಶ್ವ ಮೇಳ ನಡೆಯಿತಲ್ಲ, ಅದರ ಜೊತೆಗೆ ನಡೆದ ಸಮ್ಮೇಳನಗಳಿಗೆ ಈ ಕಟ್ಟಡ ಬಳಕೆಯಾಯಿತು. ಮೇಳ ಮುಗಿದ ಮೇಲೆ ಮ್ಯೂಸಿಯಂ ಇಲ್ಲಿಗೆ ಬಂತು. ಸರ್ವಧರ್ಮ ಸಮ್ಮೇಳನ ನಡೆದದ್ದು ಸೆಪ್ಟೆಂಬರ್ 11ರಿಂದ 27ರವರೆಗೆ. ಆದರೆ ವಿವೇಕಾನಂದರು ನಿಂತು ಮಾತಾಡಿದ ಆ ದೊಡ್ಡ ಸಭಾಂಗಣ ಈಗ ಇಲ್ಲ. ಅದು ತಾತ್ಕಾಲಿಕವಾಗಿ ಕಟ್ಟಿದ್ದು, ಆಮೇಲೆ ತೆಗೆದುಬಿಟ್ಟರು. ಇದನ್ನು ಅಪ್ಪನಿಗೆ ಮೊದಲೇ ಹೇಳಿ. ಒಳಗೆ ಹೋಗಿ "ಎಲ್ಲಿ ವೇದಿಕೆ?" ಅಂತ ಹುಡುಕಿ ಬೇಜಾರು ಮಾಡಿಕೊಳ್ಳಬಾರದು.

ಕಟ್ಟಡ ಮಾತ್ರ ಅದೇ. ಮಿಶಿಗನ್ ಅವೆನ್ಯೂ ಕಡೆಯ ಮುಖ್ಯ ಬಾಗಿಲಲ್ಲಿ ಒಳಗೆ ಹೋದರೆ ದೊಡ್ಡ ಮೆಟ್ಟಿಲಸಾಲು ಸಿಗುತ್ತದೆ. ಮುಂದಿನ ರಸ್ತೆಯ ಆ ತುಣುಕಿಗೆ "ಸ್ವಾಮಿ ವಿವೇಕಾನಂದ ವೇ" ಅಂತ ಗೌರವದ ಹೆಸರೂ ಇದೆ. ಹೊರಗೆ ಬಂದಾಗ ಆ ಫಲಕ ತೋರಿಸಿ.

ಇನ್ನೊಂದು. 2010ರ ಸೆಪ್ಟೆಂಬರ್ 11ರಂದು ಮುಂಬೈ ಕಲಾವಿದ ಜಿತೀಶ್ ಕಲ್ಲಾಟ್ ಆ ಭಾಷಣದ ಅಷ್ಟೂ ಮಾತುಗಳನ್ನು ಇದೇ ಮೆಟ್ಟಿಲುಗಳ ಮೇಲೆ ದೀಪದ ಅಕ್ಷರಗಳಲ್ಲಿ ಬರೆದಿದ್ದರು. ಐದು ಬಣ್ಣ: ಕೆಂಪು, ಕಿತ್ತಳೆ, ಹಳದಿ, ನೀಲಿ, ಹಸಿರು. ಭಯೋತ್ಪಾದನೆಯ ಎಚ್ಚರಿಕೆ ಕೊಡಲು ಅಮೆರಿಕ ಸರ್ಕಾರ ಬಳಸುತ್ತಿದ್ದ ಐದು ಬಣ್ಣಗಳೇ ಅವು. ಮತಾಂಧತೆ ಕೊನೆಯಾಗಲಿ ಅಂತ 1893ರ ಸೆಪ್ಟೆಂಬರ್ 11ರಂದು ಹೇಳಿದ ಮಾತು, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಬಂದ ಎಚ್ಚರಿಕೆಯ ಬಣ್ಣಗಳಲ್ಲಿ. ಒಂದೊಂದೇ ಮೆಟ್ಟಿಲು ಹತ್ತುತ್ತಾ ಓದಿದ್ದು ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ. ಅದು ಯಾವಾಗಲೂ ಇರುವ ಪ್ರದರ್ಶನ ಅಲ್ಲ. ಆದರೆ ಮೆಟ್ಟಿಲು ಹತ್ತುವಾಗ ಅಪ್ಪನಿಗೆ ಹೇಳಿ, ಇಷ್ಟಪಡುತ್ತಾರೆ.

ನಿಧಾನಿ

ಮಂಡಿ ನೋವಿನವರ ಜೊತೆ ಮೂರು ಸಲ ಹೋಗಿದ್ದೇನೆ, ಅತ್ತೆ ಜೊತೆ. ಕೆಲಸಕ್ಕೆ ಬರುವ ವಿಷಯ ಮೊದಲು.

ಅಮ್ಮನಿಗೆ ಮುಂಭಾಗದ ಬಾಗಿಲು ಬೇಡ. ಅಲ್ಲಿ ಎರಡು ಸಿಂಹದ ಪ್ರತಿಮೆಗಳ ನಡುವೆ ಮೆಟ್ಟಿಲು ಹತ್ತಬೇಕು. ಮನ್ರೋ ಸ್ಟ್ರೀಟ್ ಕಡೆ 2009ರಲ್ಲಿ ತೆರೆದ ಮಾಡರ್ನ್ ವಿಂಗ್ ಇದೆ, ಅಲ್ಲಿ ನೆಲಮಟ್ಟದಲ್ಲೇ ಒಳಗೆ ಹೋಗಬಹುದು. ಬ್ಯಾಗು, ಕೋಟು ಇಡುವ ಕೌಂಟರಿನಲ್ಲಿ ವೀಲ್‌ಚೇರ್ ಕೇಳಿ, ದುಡ್ಡಿಲ್ಲ. ಅಮ್ಮ ಬೇಡ ಅಂತಾರೆ. ಆದರೂ ತೆಗೆದುಕೊಳ್ಳಿ. ಎರಡು ಗಂಟೆ ಆದ ಮೇಲೆ ಬೇಕೇ ಬೇಕು ಅನ್ನಿಸುತ್ತದೆ, ಆಗ ಕೌಂಟರು ಎಲ್ಲೋ ದೂರ ಇರುತ್ತದೆ.

ನಾನು ಹೋದಾಗ ಮಂಗಳವಾರ, ಬುಧವಾರ ರಜೆ ಇತ್ತು. ಗುರುವಾರ ರಾತ್ರಿ 8ರ ತನಕ ತೆರೆದಿತ್ತು. ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಗುರುವಾರ ಸಂಜೆ ಜನ ಕಡಿಮೆ.

ಇನ್ನು ಏನು ತೋರಿಸೋದು ಅಂತ. ಆರು ಚಿತ್ರ ಸಾಕು. ನಿಜವಾಗಿ ಹೇಳುತ್ತಿದ್ದೇನೆ, ಆರೇ. ಪ್ರತಿಯೊಂದರ ಮುಂದೆ ಹತ್ತು ನಿಮಿಷ.

ಪಯಣಿಗ

ನಿಧಾನಿ ಅವರೇ, ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ನಾನು ಒಪ್ಪಲ್ಲ.

ನಾವು ಇಲ್ಲೇ ಇರುವವರು. ಇವತ್ತು ಆರು ನೋಡಿದರೆ ಮುಂದಿನ ತಿಂಗಳು ಇನ್ನಾರು. ಆದರೆ ಅವರ ಅಪ್ಪ ಅಮ್ಮ? ಅಷ್ಟು ದೂರದಿಂದ ಬಂದವರು, ಬಹುಶಃ ಜೀವನದಲ್ಲಿ ಒಂದೇ ಸಲ. "ಆರು ಸಾಕು" ಅಂತ ನಾವು ತೀರ್ಮಾನ ಮಾಡೋದು ಸರಿಯಾ? ಯಾವ ಚಿತ್ರ ಯಾರ ಮನಸ್ಸಿಗೆ ಹತ್ತಿರ ಆಗುತ್ತೆ ಅಂತ ಯಾರಿಗೆ ಗೊತ್ತು? ನಾನಾದರೆ ಮೊದಲು ಎಲ್ಲಾ ಕೋಣೆ ಒಂದು ಸುತ್ತು ಹಾಕಿಸುತ್ತೇನೆ. ಎಲ್ಲಿ ಅವರ ಕಾಲು ತಾನಾಗಿ ನಿಲ್ಲುತ್ತೋ ಅಲ್ಲಿ ನಿಲ್ಲೋಣ.

ನಿಧಾನಿ

ಬೇಜಾರೇನಿಲ್ಲ. ಒಂದೇ ಸಲ ಬರುವವರು ಅನ್ನೋದು ಗಟ್ಟಿ ಮಾತು, ಒಪ್ಪುತ್ತೇನೆ. ಆದರೆ ಅತ್ತೆ ಜೊತೆ ಮೊದಲ ಸಲ ನಾನೂ ಹಾಗೇ ಮಾಡಿದೆ. ಮೂವತ್ತು ಕೋಣೆ ಆದ ಮೇಲೆ ಅವರು ಚಿತ್ರ ನೋಡೋದು ಬಿಟ್ಟು ಬೆಂಚು ಹುಡುಕುತ್ತಿದ್ದರು. ಆಮೇಲೆ ಎಷ್ಟು ಒಳ್ಳೆಯ ಚಿತ್ರ ಬಂದರೂ ಕಾಲು ನಿಲ್ಲೋದಿಲ್ಲ, ಸೋತಿರುತ್ತದೆ.

ಎರಡನೇ ಸಲ ಸೀದಾ ಜಾರ್ಜ್ ಸೆರಾ ಬರೆದ ದೊಡ್ಡ ಚಿತ್ರದ ಹತ್ತಿರ ಹೋದೆವು, ಗ್ಯಾಲರಿ 240. ಗ್ರಾಂದ್ ಜಾತ್ ದ್ವೀಪದಲ್ಲಿ ಭಾನುವಾರ ಮಧ್ಯಾಹ್ನ, ನದಿ ದಡದಲ್ಲಿ ಜನ. ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲ. ಮೊದಲು ದೂರದಿಂದ ನೋಡಿದೆವು. ಕೊಡೆ ಹಿಡಿದ ಹೆಂಗಸು, ಅವಳ ಪಕ್ಕ ಹಗ್ಗ ಕಟ್ಟಿದ ಒಂದು ಕೋತಿ, ನಡುವೆ ಬಿಳಿ ಬಟ್ಟೆಯ ಪುಟ್ಟ ಹುಡುಗಿ. ಅಷ್ಟು ಜನರಲ್ಲಿ ನೇರವಾಗಿ ನಮ್ಮ ಕಡೆ ಮುಖ ಮಾಡಿರೋದು ಆ ಮಗು.

ಆಮೇಲೆ ಹತ್ತಿರ ಹೋದೆವು. ಹತ್ತಿರ ಅಂದರೆ ಗಾರ್ಡ್ ಒಂದು ಸಲ ಕೆಮ್ಮುವಷ್ಟು ಹತ್ತಿರ. ಹುಲ್ಲು ಹಸಿರಲ್ಲ! ಹಸಿರಿನ ಮೇಲೆ ಹಳದಿ, ಕಿತ್ತಳೆ, ನೀಲಿ ಚುಕ್ಕಿ. ನೆರಳಿನಲ್ಲಿ ನೇರಳೆ. ಅತ್ತೆ ಎರಡು ಹೆಜ್ಜೆ ಹಿಂದೆ ಹೋದರು, ಮತ್ತೆ ಮುಂದೆ ಬಂದರು, ಮತ್ತೆ ಹಿಂದೆ. ಕೋತಿ ಎಲ್ಲಿ ಕರಗುತ್ತೆ, ಎಲ್ಲಿ ಮತ್ತೆ ಕಾಣುತ್ತೆ ಅಂತ ಆ ಜಾಗ ಹುಡುಕುತ್ತಿದ್ದರು. ಇಪ್ಪತ್ತು ನಿಮಿಷ. ಮಂಡಿ ನೋವು ಅಂತ ಒಂದು ಸಲವೂ ಹೇಳಲಿಲ್ಲ.

ಬಣ್ಣದಬುಟ್ಟಿ

ಸೆರಾ ವಿಷಯ ಬಂತು, ಸುಮ್ನೆ ಇರೋಕೆ ಆಗಲ್ಲ. ನಾನು ಓದಿದ್ದು ರಸಾಯನಶಾಸ್ತ್ರ, ಈ ಮ್ಯೂಸಿಯಂಗೆ ಹೋಗೋದು ಬಣ್ಣಕ್ಕಾಗಿ.

ಆ ಹುಲ್ಲಿನ ಮೇಲೆ ಈಗ ಕಂದು ಬಣ್ಣಕ್ಕೆ ತಿರುಗಿದ ಚುಕ್ಕಿಗಳಿವೆ, ನೋಡಿ. ಸೆರಾ ಇಟ್ಟದ್ದು ಕಂದು ಅಲ್ಲ, ಹೊಳೆಯುವ ಹಳದಿ. ಝಿಂಕ್ ಯೆಲ್ಲೋ ಅನ್ನುವ, ಆಗ ಹೊಸದಾಗಿ ಬಂದಿದ್ದ ಬಣ್ಣ. ಕೆಲವೇ ವರ್ಷಗಳಲ್ಲಿ ಮಂಕಾಯಿತು. ಅಂದರೆ ಬಿಸಿಲು ಬಿದ್ದ ಆ ಹುಲ್ಲು ಅವನು 1886ರಲ್ಲಿ ಕುಂಚ ಕೆಳಗಿಟ್ಟಾಗ ಇನ್ನೂ ಬೆಳಗುತ್ತಿತ್ತು. 31ನೇ ವಯಸ್ಸಿಗೆ ಸತ್ತುಹೋದ ಹುಡುಗ. ಅದನ್ನು ನೆನೆದು ನೋಡಿದರೆ ಆ ಕಂದು ಚುಕ್ಕಿ ನನಗೆ ಬೇರೆಯೇ ಕಾಣುತ್ತದೆ.

ಹಾಗೇ ವ್ಯಾನ್ ಗೋ ಮಲಗುವ ಕೋಣೆಯ ಚಿತ್ರ. ಅದನ್ನು ಅವನು ಮೂರು ಸಲ ಬರೆದ. ಒಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಒಂದು ಪ್ಯಾರಿಸ್‌ನಲ್ಲಿ, 1889ರಲ್ಲಿ ಬರೆದ ಎರಡನೆಯದು ಇಲ್ಲಿ. ಗೋಡೆ ಈಗ ನೀಲಿ ಕಾಣುತ್ತಲ್ವಾ? ಮೊದಲು ನೇರಳೆ ಇತ್ತು. ಅದರಲ್ಲಿದ್ದ ಕೆಂಪು ಬಣ್ಣ ಬೆಳಕು ಬಿದ್ದು ಮಾಸಿಹೋಗಿ ನೀಲಿ ಉಳಿಯಿತು. ಮ್ಯೂಸಿಯಂನಲ್ಲಿ ಬೆಳಕು ಯಾಕೆ ಇಷ್ಟು ಕಡಿಮೆ ಅಂತ ಕೆಲವರು ಗೊಣಗುತ್ತಾರೆ, ಕಾರಣ ಇದೇ. ಫೋಟೋ ತೆಗೆಯಬಹುದು, ಆದರೆ ಫ್ಲ್ಯಾಶ್ ಹಾಕಲೇಬೇಡಿ.

ಸೆರಾ ಚಿತ್ರವನ್ನು 1958ರಲ್ಲಿ ನ್ಯೂಯಾರ್ಕಿಗೆ ಕಳಿಸಿದ್ದರು. ಅಲ್ಲಿ ಮ್ಯೂಸಿಯಂಗೆ ಬೆಂಕಿ ಬಿತ್ತು. ಚಿತ್ರ ಉಳಿಯಿತು. ಅಲ್ಲಿಂದ ಮೇಲೆ ಅದು ಶಿಕಾಗೊ ಬಿಟ್ಟು ಹೊರಗೆ ಹೋಗಿಲ್ಲ. ಅದನ್ನು ನೋಡಬೇಕು ಅಂದರೆ ಇಲ್ಲಿಗೇ ಬರಬೇಕು.

ಪುಟ್ಟಿಯಪ್ಪ

ನಮ್ಮದು ಏಳು ವರ್ಷದ ಪುಟ್ಟಿ. 14ರ ಒಳಗಿನವರಿಗೆ ಟಿಕೆಟ್ ಇಲ್ಲ, ಹಾಗಾಗಿ ನಾವು ಆಗಾಗ ಹೋಗಿ ಒಂದು ಗಂಟೆ ಇದ್ದು ಬರುತ್ತೇವೆ.

ನೆಲಮಾಳಿಗೆಯ ಥಾರ್ನ್ ಮಿನಿಯೇಚರ್ ರೂಮ್ಸ್ ಬಿಡಬೇಡಿ. ಗೋಡೆಯಲ್ಲಿ ಸಾಲಾಗಿ ಪುಟ್ಟ ಪುಟ್ಟ ಕೋಣೆಗಳು, ಒಟ್ಟು 68. ಹಳೇ ಕಾಲದ ಯೂರೋಪು, ಅಮೆರಿಕದ ಮನೆಗಳ ಒಳಭಾಗ. ಒಂದು ಅಡಿ ಅಂದರೆ ಒಂದು ಇಂಚು, ಆ ಲೆಕ್ಕದಲ್ಲಿ ಮಾಡಿದ್ದು. ಅಂಗೈಯಲ್ಲಿ ಹಿಡಿಯುವಷ್ಟು ಮೇಜು, ಉಗುರಿನಷ್ಟು ಪುಸ್ತಕ. ಆದರೆ ಪುಟ್ಟಿ ನೋಡೋದು ಅದನ್ನಲ್ಲ. ಕೋಣೆಯ ಹಿಂದೆ ಅರ್ಧ ತೆರೆದ ಬಾಗಿಲು ಇರುತ್ತದೆ, ಅದರಾಚೆ ಇನ್ನೊಂದು ಕೋಣೆ ಅಥವಾ ತೋಟ, ಅಲ್ಲಿ ಬೆಳಗಿನ ಬಿಸಿಲಿನ ಥರ ಬೆಳಕು. ಅದನ್ನು ಕತ್ತು ಓರೆ ಮಾಡಿ ನೋಡಬೇಕು. "ಅಪ್ಪ, ಅವರು ಈಗ ತಾನೇ ಎದ್ದು ಆಚೆ ಹೋದರು" ಅಂದಳು. ಯಾವ ಕೋಣೆಯಲ್ಲೂ ಮನುಷ್ಯರ ಗೊಂಬೆ ಇಲ್ಲ. ನಾನು ಅಷ್ಟು ಸಲ ನೋಡಿದರೂ ಅದು ಹೊಳೆದಿರಲಿಲ್ಲ.

ನಿಮ್ಮ ಅಮ್ಮನಿಗೆ ಹೊಲಿಗೆ, ಕಸೂತಿ ಏನಾದರೂ ಬರುತ್ತಾ? ಬಂದರೆ ಇಲ್ಲಿಂದಲೇ ಶುರು ಮಾಡಿ.

ಗಾಳಿನಗರಿ

ಪುಟ್ಟಿಯಪ್ಪ ಅವರೇ, ಅಮ್ಮ ಮೂವತ್ತು ವರ್ಷ ಹೊಲಿಗೆ ಮಾಡಿದವರು! ಇದು ನನಗೆ ಹೊಳೆದೇ ಇರಲಿಲ್ಲ. ತುಂಬಾ ಥ್ಯಾಂಕ್ಸ್.

ಇನ್ನೊಂದು ಕೇಳಬೇಕು. ಅಮ್ಮನಿಗೆ ಇಂಗ್ಲಿಷ್ ಬರಲ್ಲ. ಚಿತ್ರದ ಪಕ್ಕ ಬರೆದಿರೋದನ್ನೆಲ್ಲಾ ನಾನು ಓದಿ ಕನ್ನಡದಲ್ಲಿ ಹೇಳಬೇಕಾ? ಅಥವಾ ಮನೆಯಲ್ಲೇ ಓದಿಕೊಂಡು ಹೋಗಲಾ?

ಮೇಡಂ_ತರಗತಿ5

ನಾನು ಶಾಲಾ ಮಕ್ಕಳನ್ನು ಕರೆದುಕೊಂಡು ಹೋಗುವವಳು. ಅನುಭವದಿಂದ ಹೇಳುತ್ತೇನೆ: ಮೊದಲು ಓದಬೇಡಿ. ಚೀಟಿ ಓದಿದ ಕೂಡಲೇ ಕಣ್ಣು ಕೆಲಸ ನಿಲ್ಲಿಸುತ್ತದೆ. "ಓ, 1942, ಎಡ್ವರ್ಡ್ ಹಾಪರ್" ಅಂತ ತಲೆಯಾಡಿಸಿ ಮುಂದಿನದಕ್ಕೆ ಹೋಗಿಬಿಡುತ್ತೇವೆ.

ಹಾಪರ್ ಬರೆದ ಆ ರಾತ್ರಿಯ ಹೋಟೆಲಿನ ಚಿತ್ರದ ಮುಂದೆ ನಾನು ಮಕ್ಕಳನ್ನು ಕೂರಿಸಿ ಒಂದೇ ಪ್ರಶ್ನೆ ಕೇಳುತ್ತೇನೆ: "ಇವರು ಒಳಗೆ ಹೇಗೆ ಹೋದರು?" ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿರುತ್ತಾರೆ. ಆಮೇಲೆ ಒಬ್ಬರು ಕೂಗುತ್ತಾರೆ, ಬಾಗಿಲೇ ಇಲ್ಲ! ರಸ್ತೆಯಿಂದ ಒಳಗೆ ಹೋಗುವ ಬಾಗಿಲನ್ನು ಹಾಪರ್ ಬರೆದಿಲ್ಲ. ದೊಡ್ಡ ಗಾಜು, ಒಳಗೆ ಕಣ್ಣು ಚುಚ್ಚುವ ಬೆಳಕು, ನಾಲ್ಕು ಜನ. ನಾವು ಹೊರಗೆ ಕತ್ತಲಲ್ಲಿ. ಆ ಒಂಟಿತನ ಎಲ್ಲಿಂದ ಬರುತ್ತೆ ಅಂತ ಮಕ್ಕಳೇ ಕಂಡುಹಿಡಿಯುತ್ತಾರೆ. ಚೀಟಿ ಆಮೇಲೆ.

ಪಿಕಾಸೊ ಬರೆದ ಮುದುಕ ಗಿಟಾರ್ ವಾದಕನ ಚಿತ್ರವೂ ಹಾಗೇ. ಮೈಯೆಲ್ಲಾ ನೀಲಿ, ಬಾಗಿದ ಕತ್ತು. ಆ ಕತ್ತಿನ ಮೇಲ್ಭಾಗವನ್ನು ಬದಿಯಿಂದ ನಿಂತು ನೋಡಿ. ಮಸುಕಾಗಿ ಒಂದು ಹೆಂಗಸಿನ ಮುಖ ಕಾಣುತ್ತದೆ. ಆಗ ಪಿಕಾಸೊ ಹತ್ತಿರ ದುಡ್ಡಿರಲಿಲ್ಲ, ಮೊದಲೇ ಚಿತ್ರ ಬರೆದಿದ್ದ ಹಲಗೆಯ ಮೇಲೇ ಬರೆದ.

ಅಮ್ಮನಿಗೆ ಪಾಠ ಮಾಡಬೇಡಿ. "ಏನು ಕಾಣಿಸ್ತಿದೆ ಅಮ್ಮ?" ಅಂತ ಕೇಳಿ, ಉತ್ತರಕ್ಕೆ ಕಾಯಿರಿ. "ಅರ್ಥ ಆಗಲ್ಲ" ಅನ್ನುವವರು ಅಷ್ಟು ವರ್ಷ ಬಟ್ಟೆ ನೋಡಿದವರು, ಜನರನ್ನು ನೋಡಿದವರು. ಆ ಕಣ್ಣು ಸಾಕು.

ದೂರದವಳು

ವೀಲ್‌ಚೇರ್ ಬಗ್ಗೆ ಒಂದು ಮಾತು. ನಾನು ಬೇರೆ ನಗರದವಳು. ಇಲ್ಲಿನ ದೊಡ್ಡ ಮ್ಯೂಸಿಯಂ ಒಂದಕ್ಕೆ ಅಪ್ಪನನ್ನು ಕರೆದುಕೊಂಡು ಹೋದ ದಿನ ಲಿಫ್ಟ್ ಕೆಟ್ಟಿತ್ತು. ಅದನ್ನು ಟಿಕೆಟ್ ಕೊಡುವಾಗ ಯಾರೂ ಹೇಳಲಿಲ್ಲ. ಅಪ್ಪ ಕೆಳಗಿನ ಮಹಡಿಯಲ್ಲೇ ಕೂತರು, ನಾನು ಮೇಲೆ ಹೋಗಲಿಲ್ಲ. ಅವರಿಗೆ ತಮ್ಮಿಂದ ಹೀಗಾಯಿತು ಅನ್ನಿಸಿತಲ್ಲ, ಅದು ಇನ್ನೂ ನೋವು. ಎಲ್ಲಿಗೇ ಹೋಗಿ, ಟಿಕೆಟ್ ತೆಗೆಯುವ ಮುಂಚೆ ಕೇಳಿಬಿಡಿ: ಲಿಫ್ಟ್ ಎಲ್ಲಾ ಸರಿ ಇದೆಯಾ, ಯಾವುದಾದರೂ ಕೋಣೆ ಮುಚ್ಚಿದೆಯಾ ಅಂತ.

ಹಳೇಸದಸ್ಯ

ಒಂದು ಸೇರಿಸುತ್ತೇನೆ. ಈ ಮ್ಯೂಸಿಯಂ ರೈಲು ಹಳಿಯ ಮೇಲೆ ನಿಂತಿದೆ, ಗೊತ್ತಾ? ಹಳೇ ಕಟ್ಟಡದಿಂದ ಹಿಂದಿನ ಭಾಗಕ್ಕೆ ಹೋಗುವ ಉದ್ದನೆಯ ಭಾಗ ಹಳಿಗಳ ಮೇಲೆ ಸೇತುವೆ ಥರ ಇದೆ. ಭಾರತ, ಆಗ್ನೇಯ ಏಷ್ಯಾದ ಶಿಲ್ಪಗಳ ಗ್ಯಾಲರಿ ಇರೋದು ಅಲ್ಲೇ. ನಾಗಪಟ್ಟಣದಿಂದ ಬಂದ, 12ನೇ ಶತಮಾನದ ಸುಮಾರಿನ ಕಲ್ಲಿನ ಬುದ್ಧ ಅಲ್ಲಿದ್ದಾನೆ. ಧ್ಯಾನದಲ್ಲಿ ಕೂತಿದ್ದಾನೆ, ಕೆಳಗೆ ರೈಲು ಹೋಗುತ್ತಿರುತ್ತದೆ. ಅಪ್ಪನಿಗೆ ತೋರಿಸಿ.

ಗಾಳಿನಗರಿ

ಹೋಗಿ ಬಂದೆವು! ಎಲ್ಲರಿಗೂ ಹೇಳಲೇಬೇಕು. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ಗುರುವಾರ ಮಧ್ಯಾಹ್ನ ಹೋದೆವು. ಲಿಫ್ಟ್ ಬಗ್ಗೆ ಮೊದಲೇ ಕೇಳಿದೆ, ಎಲ್ಲಾ ಸರಿ ಇತ್ತು. ವೀಲ್‌ಚೇರ್ ತಂದಾಗ ಅಮ್ಮ "ನಾನೇನು ರೋಗಿನಾ?" ಅಂದರು. ಕೂರಲಿಲ್ಲ. ಅದರ ಮೇಲೆ ತಮ್ಮ ಕೈಚೀಲ ಇಟ್ಟು, ತಾವೇ ತಳ್ಳಿಕೊಂಡು ನಡೆದರು. ಅದೇ ಊರುಗೋಲಾಯಿತು.

ಮೊದಲು ಅಪ್ಪನ ಮೆಟ್ಟಿಲು. ಸಭಾಂಗಣ ಈಗಿಲ್ಲ ಅಂತ ಹೇಳಿಯೇ ಕರೆದುಕೊಂಡು ಹೋಗಿದ್ದೆ. ಕಲ್ಲಾಟ್ ಅವರ ದೀಪದ ಅಕ್ಷರಗಳ ಬಗ್ಗೆಯೂ ಹೇಳಿದೆ. ಅಪ್ಪ ಮೊಬೈಲ್ ಹೊರಗೆ ತೆಗೆಯಲಿಲ್ಲ. ಮೆಟ್ಟಿಲ ಕಂಬಿ ಹಿಡಿದು ನಿಂತು, "ಅಮೆರಿಕದ ಸೋದರಿಯರೇ, ಸೋದರರೇ" ಅಂತ ಮೆಲ್ಲಗೆ ಒಂದು ಸಲ ಹೇಳಿಕೊಂಡರು. ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿದರು, ಓದುತ್ತಿರುವವರ ಹಾಗೆ ಕೆಳಗೆ ನೋಡಿಕೊಂಡು.

ಪುಟ್ಟ ಕೋಣೆಗಳಲ್ಲಿ ಮುಕ್ಕಾಲು ಗಂಟೆ! ಅಮ್ಮನ ಮೂಗು ಗಾಜಿಗೆ ತಾಗುತ್ತಿತ್ತು. ಪರದೆಯ ಮಡಿಕೆ ನೋಡಿ, ಇಷ್ಟು ಸಣ್ಣ ಬಟ್ಟೆ ಹೀಗೆ ಇಳಿಬೀಳಲ್ಲ, ಎದ್ದು ನಿಲ್ಲುತ್ತೆ, ಇವರು ಹೇಗೆ ಕೂರಿಸಿದರು ಅಂತ ನನ್ನನ್ನೇ ಕೇಳಿದರು. ನೆಲದ ಮೇಲಿನ ಕಾರ್ಪೆಟ್‌ಗಳ ಹೊಲಿಗೆಯನ್ನು ಎಣಿಸಲು ನೋಡಿದರು. ಪುಟ್ಟಿಯಪ್ಪ ಅವರೇ, ಪುಟ್ಟಿಗೆ ಹೇಳಿ, ಅಜ್ಜಿಯೂ ಕತ್ತು ಓರೆ ಮಾಡಿ ಆ ಬಾಗಿಲಾಚೆ ನೋಡಿದರು.

ಸೆರಾ ಚಿತ್ರ ನಾನು ಅಂದುಕೊಂಡ ಹಾಗೆ ಆಗಲಿಲ್ಲ. ಚುಕ್ಕಿ ನೋಡಿದರು, ಹಿಂದೆ ಬಂದರು. ಏನು ಕಾಣಿಸ್ತಿದೆ ಅಂತ ಕೇಳಿದೆ. "ಇಷ್ಟು ಜನ ಇದ್ದಾರೆ, ಒಬ್ಬರೂ ಒಬ್ಬರ ಜೊತೆ ಮಾತಾಡ್ತಿಲ್ಲ. ಭಾನುವಾರ ಅಂತೀಯ, ಯಾಕೆ ಹೀಗೆ ನಿಂತಿದ್ದಾರೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ನನಗೂ ಆ ಚಿತ್ರ ಹಾಗೇ ಕಾಣುತ್ತದೆ.

ಅದಕ್ಕಿಂತ ಅವರಿಗೆ ಹಿಡಿಸಿದ್ದು ಗುಸ್ತಾವ್ ಕಾಯ್‌ಬೊಟ್ 1877ರಲ್ಲಿ ಬರೆದ ಪ್ಯಾರಿಸ್ ಮಳೆಯ ಚಿತ್ರ. ಕೊಡೆ ಹಿಡಿದು ನಡೆದು ಬರುವ ಗಂಡ ಹೆಂಡತಿ, ಹೆಚ್ಚು ಕಮ್ಮಿ ನಮ್ಮಷ್ಟೇ ಎತ್ತರ. "ಮಳೆ ಹನಿ ಒಂದೂ ಬರೆದಿಲ್ಲ ನೋಡು" ಅಂದರು ಅಮ್ಮ, "ಆದ್ರೂ ಕಲ್ಲು ಒದ್ದೆ ಆಗಿದೆ." ಹೌದು, ನೆಲಕ್ಕೆ ಹಾಸಿದ ಕಲ್ಲುಗಳ ಮೇಲೆ ಬೆಳಕು ಮಾತ್ರ ಇದೆ. ಅಪ್ಪ ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ಹನಿ ಹುಡುಕಿದರು. ಸಿಗಲಿಲ್ಲ.

ಬುದ್ಧನ ಹತ್ತಿರ ಹೋದೆವು, ಅಪ್ಪ ಖುಷಿಪಟ್ಟರು. ಹಾಪರ್ ಆಗಲಿಲ್ಲ, ವ್ಯಾನ್ ಗೋ ಕೋಣೆ ತುಂಬಾ ಜನ. ಪಿಕಾಸೊ ಬಿಟ್ಟೆವು. ಅಷ್ಟರಲ್ಲಿ ಅಮ್ಮನಿಗೆ ಸಾಕಾಗಿತ್ತು, ಹೊರಡೋಣ ಅಂತ ಲಿಫ್ಟ್ ಹುಡುಕುತ್ತಿದ್ದೆವು.

ಪಯಣಿಗ ಅವರೇ, ಇದು ನಿಮಗೆ. ಹೋಗುವ ದಾರಿಯಲ್ಲಿ, ಮೆಟ್ಟಿಲ ಮೇಲಿನ ಎತ್ತರದ ಗೋಡೆಯಲ್ಲಿ ಒಂದು ಚಿತ್ರ ಇದೆ, ಯಾರ ಪಟ್ಟಿಯಲ್ಲೂ ಇಲ್ಲದ್ದು. ಏಳು ಮೀಟರಿಗಿಂತ ಉದ್ದ. ಕೆಳಗಿನಿಂದ ಬಿಳಿ ಬಿಳಿ ತುಂಡುಗಳು ಸಾಲಾಗಿ ದೂರ ಹೋಗುತ್ತಾ ಸಣ್ಣದಾಗುತ್ತವೆ, ಮೇಲೆ ತೆಳು ಗುಲಾಬಿ, ಆಮೇಲೆ ನೀಲಿ. ನಾನು ಮುಂದೆ ಹೋಗಿಬಿಟ್ಟಿದ್ದೆ. ತಿರುಗಿ ನೋಡಿದರೆ ಅಮ್ಮ ಬರುತ್ತಿಲ್ಲ.

"ಇದು ಮೋಡ" ಅಂದರು. "ಮೇಲಿಂದ ನೋಡಿದ್ದು."

ಆಗ ಚೀಟಿ ಓದಿದೆ. ಜಾರ್ಜಿಯಾ ಓಕೀಫ್, 1965. ವಿಮಾನದ ಕಿಟಕಿಯಿಂದ ಕಂಡ ಮೋಡಗಳು. ಬರೆದಾಗ ಅವರಿಗೆ 77 ವರ್ಷ, ಇಷ್ಟು ದೊಡ್ಡದು ಇನ್ನೆಲ್ಲೂ ಹಿಡಿಸದೆ ತಮ್ಮ ಕಾರು ಶೆಡ್ಡಿನಲ್ಲಿ ಬರೆದರಂತೆ. ಅಮ್ಮನಿಗೆ ಹೇಳಿದೆ.

"ನನಗಿಂತ ಎಂಟು ವರ್ಷ ದೊಡ್ಡವರು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಬರುವಾಗ ನನಗೆ ಕಿಟಕಿ ಸೀಟು ಸಿಕ್ಕಿತ್ತು. ಹೀಗೇ ಇತ್ತು. ನೋಡ್ತಾ ಇದ್ದೆ, ಆ ಹುಡುಗಿ ಬಂದು ಎಲ್ಲರೂ ಮಲಗಬೇಕು, ಕಿಟಕಿ ಮುಚ್ಚಿ ಅಂತ ಸನ್ನೆ ಮಾಡಿದಳು. ಪೂರ್ತಿ ನೋಡೋಕೆ ಆಗಲಿಲ್ಲ."

ವೀಲ್‌ಚೇರ್ ಮೇಲಿದ್ದ ಕೈಚೀಲ ತೆಗೆದು ನನ್ನ ಕೈಗೆ ಕೊಟ್ಟರು. ಚಕ್ರ ಸರಿಯದ ಹಾಗೆ ಹಿಡಿದುಕೋ ಅಂದರು. ಅವತ್ತು ಮೊದಲ ಸಲ ಅದರಲ್ಲಿ ಕೂತರು.

"ನೀವಿಬ್ಬರೂ ಬೇಕಾದರೆ ಸುತ್ತಾಡಿ ಬನ್ನಿ. ನಾನು ನೋಡ್ತಿರ್ತೀನಿ."